ಬಿರುಕನ್ನು ಅಳೆಯುವುದೋ, ಆಲಿಸುವುದೋ: ಕಾಂಕ್ರೀಟ್ ಪರೀಕ್ಷೆಗಳ ನಡುವೆ ಆಯ್ಕೆ

ಈ ವರ್ಷ ಮಳೆ ಶುರುವಾಗುವ ಮೊದಲಿನ ಒಂದೇ ತಿಂಗಳಲ್ಲಿ ಮೂವರು ನನ್ನನ್ನು ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳಿದರು. ಒಬ್ಬರು ಮುಲುಂಡಿನ ಹೌಸಿಂಗ್ ಸೊಸೈಟಿಯೊಂದರ ಕಾರ್ಯದರ್ಶಿ. ಮೂಲ ಉಡುಪಿ ಕಡೆ, ನಲವತ್ತು ವರ್ಷಗಳಿಂದ ಮುಂಬೈ. ಅವರ ಕಟ್ಟಡಕ್ಕೆ ಮೂವತ್ತು ದಾಟಿದೆ, ನಾಲ್ಕನೆಯ ಮಹಡಿಯ ತೊಲೆಯಲ್ಲಿ ಬಿರುಕು ಕಾಣಿಸಿದೆ. ಇನ್ನೊಬ್ಬಳು ಬಾಗಲಕೋಟೆಯಿಂದ ಪುಣೆಗೆ ಬಂದು ಎಂ.ಟೆಕ್ ಓದುತ್ತಿರುವ ಹುಡುಗಿ. ಉಕ್ಕಿನ ನಾರು ಬೆರೆಸಿದ ಕಾಂಕ್ರೀಟಿನ ಮೇಲೆ ಅವಳ ಪ್ರಬಂಧ. ಮೂರನೆಯವರು ಕಾರವಾರದ ಎಂಜಿನಿಯರ್, ಗೋವಾದಲ್ಲಿ ಸೇತುವೆ ಮತ್ತು ಜೆಟ್ಟಿಗಳ ದುರಸ್ತಿ ಅವರ ಕೆಲಸ. ಮೂವರಿಗೂ ಯಾರೋ ಅಕೌಸ್ಟಿಕ್ ಎಮಿಷನ್ ಪರೀಕ್ಷೆ, ಅಂದರೆ ಕಾಂಕ್ರೀಟಿನ ಒಳಗಿನ ಸದ್ದನ್ನು ಆಲಿಸುವ ಪರೀಕ್ಷೆ, ಮಾಡಿಸಿ ಎಂದು ಹೇಳಿದ್ದರು. ಮಾಡಿಸಬೇಕೇ, ಹಳೆಯ ಪರೀಕ್ಷೆಗಳೇ ಸಾಕೇ ಎಂಬುದು ಅವರ ಗೊಂದಲ.

ಮೂವರಿಗೂ ನಾನು ಕೊಟ್ಟ ಉತ್ತರ ಬೇರೆಬೇರೆ. ಒಬ್ಬರಿಗೆ ಬೇಡ ಎಂದೆ, ಒಬ್ಬಳಿಗೆ ಖಂಡಿತ ಬೇಕು ಎಂದೆ, ಇನ್ನೊಬ್ಬರಿಗೆ ಬೇಕು, ಆದರೆ ಅದೊಂದೇ ಸಾಲದು ಎಂದೆ. ಹಾಗೇಕೆ ಎಂದು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ತಟ್ಟಿ ಕೇಳುವುದು, ತಟ್ಟದೆ ಕೇಳುವುದು

ಸಂತೆಯಲ್ಲಿ ಮಡಕೆ ಕೊಳ್ಳುವಾಗ ಬೆರಳಿನಿಂದ ತಟ್ಟಿ ನೋಡುತ್ತೇವೆ. ಟಣ್ ಎಂದರೆ ಗಟ್ಟಿ, ಬೊದ್ದಾಗಿ ಸದ್ದು ಬಂದರೆ ಎಲ್ಲೋ ಸೀಳಿದೆ. ಇಂದು ಕಟ್ಟಡಗಳಿಗೆ ಮಾಡುವ ಪರೀಕ್ಷೆಗಳಲ್ಲಿ ಬಹುಪಾಲು ಈ ಜಾತಿಯವು. ನಾವು ತಟ್ಟುತ್ತೇವೆ, ವಸ್ತು ಉತ್ತರ ಕೊಡುತ್ತದೆ. ಅಡಿಕೆ ಮರ ಏರುವವನ ಲೆಕ್ಕವೇ ಬೇರೆ. ತನ್ನ ಭಾರಕ್ಕೆ ಮರದೊಳಗಿಂದ ಲಟ್ ಎಂಬ ಸದ್ದು ಬಂದರೆ ಅವನು ಅಲ್ಲಿಯೇ ನಿಲ್ಲುತ್ತಾನೆ. ಅವನು ಮರವನ್ನು ತಟ್ಟಲಿಲ್ಲ. ನಾರು ಹರಿದ ಕ್ಷಣದಲ್ಲಿ ಮರವೇ ಸದ್ದು ಮಾಡಿತು. ಅಕೌಸ್ಟಿಕ್ ಎಮಿಷನ್ ಎಂದರೆ ಈ ಎರಡನೆಯ ಬಗೆಯ ಕೇಳುವಿಕೆ.

ಕಾಂಕ್ರೀಟಿನ ಒಳಗೆ ಸೂಕ್ಷ್ಮವಾದ ಬಿರುಕು ಒಂದಿಷ್ಟು ಮುಂದೆ ಸರಿದಾಗ ಅಲ್ಲಿ ಕೂಡಿಟ್ಟಿದ್ದ ಶಕ್ತಿ ತಟ್ಟನೆ ಬಿಡುಗಡೆಯಾಗಿ ಅಲೆಯಾಗಿ ಹರಡುತ್ತದೆ. ನಮ್ಮ ಕಿವಿ 20 ಕಿಲೋಹರ್ಟ್ಸ್‌ಗಿಂತ ಮೇಲಿನದನ್ನು ಕೇಳದು. ಈ ಅಲೆಗಳಲ್ಲಿ ನಮಗೆ ಬೇಕಾದ ಭಾಗ ಹೆಚ್ಚಾಗಿ ಅದಕ್ಕಿಂತ ಮೇಲಿರುತ್ತದೆ. ಹಾಗಾಗಿ ಮೇಲ್ಮೈಗೆ, ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪೀಜೋ ಸಂವೇದಕಗಳನ್ನು ಗ್ರೀಸ್ ಅಥವಾ ಅಂಟು ಹಚ್ಚಿ ಕೂರಿಸುತ್ತಾರೆ. ಕಾಂಕ್ರೀಟಿಗೆ 60 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಚುರುಕಾಗಿರುವ ಸಂವೇದಕಗಳು ಹೆಚ್ಚು ಬಳಕೆಯಲ್ಲಿವೆ, ಪ್ರಯೋಗಾಲಯದ ಸಣ್ಣ ಮಾದರಿಗಳಿಗೆ 150ರವೂ ನಡೆಯುತ್ತವೆ. ಒಂದೇ ಅಲೆ ಬೇರೆಬೇರೆ ಸಂವೇದಕಗಳನ್ನು ಮುಟ್ಟಿದ ಸಮಯದ ವ್ಯತ್ಯಾಸದಿಂದ ಬಿರುಕು ಎಲ್ಲಿದೆ ಎಂದು ಲೆಕ್ಕ ಹಾಕಬಹುದು. ತೊಲೆಯ ಉದ್ದಕ್ಕೆ ಹುಡುಕಲು ಎರಡು ಸಂವೇದಕ ಸಾಕು, ಚಪ್ಪಡಿಯ ಮೇಲೆ ಮೂರು, ಒಳಗಿನ ಆಳವೂ ಬೇಕೆಂದರೆ ಕನಿಷ್ಠ ನಾಲ್ಕು.

ಇದು ಕನ್ನಡಿಗರಿಗೆ ತೀರಾ ಹೊಸತಲ್ಲ. ಕೋಲಾರದ ಚಿನ್ನದ ಗಣಿಗಳು ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದಿದ್ದವು. ಅಲ್ಲಿ ಬಂಡೆ ಸಿಡಿದು ಕಾರ್ಮಿಕರು ಸಾಯುತ್ತಿದ್ದಾಗ, ಸಿಡಿಯುವ ಮೊದಲು ಬಂಡೆ ಮಾಡುವ ಸಣ್ಣ ಸದ್ದುಗಳನ್ನು ದಾಖಲಿಸುವ ಕೆಲಸ ವರ್ಷಗಟ್ಟಲೆ ನಡೆದಿತ್ತು. ಗಣಿಗಳು 2001ರಲ್ಲಿ ಮುಚ್ಚಿದವು, ಆ ವಿದ್ಯೆ ಉಳಿಯಿತು. ಇಲ್ಲಿ ನಾವು ಮಾಡುವುದು ಅದರ ಚಿಕ್ಕ ರೂಪ.

ಆಯ್ಕೆಗೆ ನೇರವಾಗಿ ಬೇಕಾದ ಒಂದು ಗುಣವನ್ನು ಇಲ್ಲಿಯೇ ಹೇಳಿಬಿಡಬೇಕು. ಜರ್ಮನಿಯ ಯೋಸೆಫ್ ಕೈಸರ್ 1950ರ ತಮ್ಮ ಸಂಶೋಧನೆಯಲ್ಲಿ ಕಂಡುಕೊಂಡದ್ದು ಇದು: ಒಂದು ವಸ್ತುವಿನ ಮೇಲೆ ಒಮ್ಮೆ ಭಾರ ಹಾಕಿ ತೆಗೆದು ಮತ್ತೆ ಹಾಕಿದರೆ, ಹಿಂದೆ ಹೊತ್ತಿದ್ದ ಗರಿಷ್ಠ ಭಾರವನ್ನು ಮುಟ್ಟುವವರೆಗೆ ಅದು ಸದ್ದು ಮಾಡದು. ಕಾಂಕ್ರೀಟಿಗೆ ಸಂಬಂಧಿಸಿ ರ್ಯೂಶ್ ಎಂಬ ಎಂಜಿನಿಯರ್ 1959ರಲ್ಲಿ ಇದನ್ನೇ ಪರೀಕ್ಷಿಸಿದರು. ಕಾಂಕ್ರೀಟ್ ಆರೋಗ್ಯವಾಗಿರುವಷ್ಟು ಕಾಲ ಈ ನೆನಪು ಗಟ್ಟಿಯಾಗಿರುತ್ತದೆ. ಹಾನಿ ಹೆಚ್ಚಿದ ಮೇಲೆ ನೆನಪು ಕೆಡುತ್ತದೆ. ಹಿಂದೆ ಸಲೀಸಾಗಿ ಹೊತ್ತಿದ್ದ ಭಾರಕ್ಕಿಂತ ಕಡಿಮೆಯಲ್ಲೇ ಸದ್ದು ಶುರುವಾಗುತ್ತದೆ. ರೋಗದ ಗುರುತು ಈ ಬೇಗನೆ ಶುರುವಾಗುವ ಸದ್ದಿನಲ್ಲಿದೆ.

ಆರಿಸುವ ಮೊದಲು ಕೇಳಿಕೊಳ್ಳಬೇಕಾದದ್ದು

ನಾನು ಯಾವ ಕಟ್ಟಡಕ್ಕೆ ಹೋದರೂ ಮೊದಲು ನೋಡುವುದು ಉಪಕರಣವನ್ನಲ್ಲ, ಕೇಳಿದವರ ಪ್ರಶ್ನೆಯನ್ನು. ನಿಮಗೆ ಬೇಕಿರುವುದು ಕಾಂಕ್ರೀಟ್ ಈಗ ಯಾವ ಸ್ಥಿತಿಯಲ್ಲಿದೆ ಎಂಬ ಉತ್ತರವೇ, ಅಥವಾ ಹಾನಿ ಈಗಲೂ ಬೆಳೆಯುತ್ತಿದೆಯೇ ಎಂಬ ಉತ್ತರವೇ? ಉಳಿದ ಮಾನದಂಡಗಳೆಲ್ಲ ಇದರ ಹಿಂದೆ ಬರುತ್ತವೆ. ಅಕೌಸ್ಟಿಕ್ ಎಮಿಷನ್‌ಗೆ ಎರಡನೆಯ ಪ್ರಶ್ನೆಗೆ ಮಾತ್ರ ಉತ್ತರ ಗೊತ್ತು. ಐದು ವರ್ಷದ ಹಿಂದೆ ಬಿಟ್ಟು, ಈಗ ಸುಮ್ಮನಿರುವ ಒಂದು ದೊಡ್ಡ ಬಿರುಕು ಇದ್ದರೂ ಸಂವೇದಕಕ್ಕೆ ಅದು ಕೇಳಿಸದು. ಕಣ್ಣಿಗೆ ಕಾಣದ, ಆದರೆ ಈ ಹೊತ್ತಿಗೆ ಸೀಳುತ್ತಿರುವ ಬಿರುಕು ಕೇಳಿಸುತ್ತದೆ. ಇದನ್ನು ತಿಳಿಯದೆ ಹಣ ಕಳೆದುಕೊಂಡವರನ್ನು ನೋಡಿದ್ದೇನೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಎರಡನೆಯದು ಜಾಗದ ಗದ್ದಲ. ಮುಂಬೈಯಲ್ಲಿ ಹಳಿಯ ಪಕ್ಕದ ಕಟ್ಟಡಕ್ಕೂ ಪುಣೆಯ ಪ್ರಯೋಗಾಲಯದ ನೆಲಮಾಳಿಗೆಗೂ ಅಜಗಜಾಂತರ. ಮೂರನೆಯದು ವರದಿ ಯಾರ ಮೇಜಿಗೆ ಹೋಗಬೇಕು ಎಂಬುದು: ಪಾಲಿಕೆಗೋ, ಮಾರ್ಗದರ್ಶಕರಿಗೋ, ಸೇತುವೆಯ ಮಾಲೀಕರಿಗೋ. ನಾಲ್ಕನೆಯದು ಸಮಯ ಮತ್ತು ಹಣ. ಐದನೆಯದನ್ನು ಜನ ಮರೆಯುತ್ತಾರೆ: ಬಂದ ದತ್ತಾಂಶವನ್ನು ಓದಿ ಅರ್ಥ ಹೇಳುವವರು ಯಾರು? ಸುತ್ತಿಗೆಯ ಅಂಕಿಯನ್ನು ಯಾವ ಎಂಜಿನಿಯರ್ ಆದರೂ ಓದಬಲ್ಲರು. ಅಕೌಸ್ಟಿಕ್ ಎಮಿಷನ್‌ನ ಒಂದು ರಾತ್ರಿಯ ದಾಖಲೆಯಲ್ಲಿ ಸಾವಿರಾರು ಸಂಕೇತಗಳಿರುತ್ತವೆ, ಅವುಗಳಲ್ಲಿ ಬಿರುಕಿನದು ಯಾವುದು, ಕೆಳಗಿನ ಮನೆಯವರು ಕುರ್ಚಿ ಎಳೆದದ್ದು ಯಾವುದು ಎಂದು ಬೇರ್ಪಡಿಸಲು ಪಳಗಿದ ಕಣ್ಣು ಬೇಕು.

ಸೊಸೈಟಿಗಳ ಮುಂದಿರುವ ಹಳೆಯ ಪರೀಕ್ಷೆಗಳು

ಮುಂಬೈ ಮಹಾನಗರ ಪಾಲಿಕೆ ಕಾಯ್ದೆಯ 353ಬಿ ಕಲಮಿನ ಪ್ರಕಾರ 30 ವರ್ಷ ದಾಟಿದ ಕಟ್ಟಡಕ್ಕೆ ಸ್ಟ್ರಕ್ಚರಲ್ ಆಡಿಟ್, ಅಂದರೆ ಕಟ್ಟಡದ ಗಟ್ಟಿತನದ ತಪಾಸಣೆ, ಆಗಬೇಕು. ಆಡಿಟ್ ಮುಗಿದಾಗ ಕಟ್ಟಡ ಸಿ1, ಸಿ2ಎ, ಸಿ2ಬಿ, ಸಿ3 ಎಂಬ ವರ್ಗಗಳಲ್ಲೊಂದಕ್ಕೆ ಸೇರುತ್ತದೆ. ಸಿ1 ಎಂದರೆ ಖಾಲಿ ಮಾಡಿ ಕೆಡವಬೇಕು, ಸಿ3 ಎಂದರೆ ಸಣ್ಣಪುಟ್ಟ ದುರಸ್ತಿ. ಒಂದು ಕುಟುಂಬ ಮನೆಯಲ್ಲಿ ಉಳಿಯುವುದೋ ಬಾಡಿಗೆ ಮನೆ ಹುಡುಕುವುದೋ ಎಂಬುದು ಇದರ ಮೇಲೆ ನಿಂತಿರುವುದರಿಂದ, ಪಾಲಿಕೆ ಒಪ್ಪುವ ಪರೀಕ್ಷೆಗಳನ್ನು ಬಿಟ್ಟು ಬೇರೆಯದರ ಬೆನ್ನು ಹತ್ತುವುದು ಸರಿಯಲ್ಲ.

ರಿಬೌಂಡ್ ಹ್ಯಾಮರ್, ಅಂದರೆ ಸುತ್ತಿಗೆ ಪರೀಕ್ಷೆ, ಅಗ್ಗ ಮತ್ತು ವೇಗ. ಒಂದು ದಿನದಲ್ಲಿ ಇಡೀ ಮಹಡಿ ಮುಗಿಸಬಹುದು. ಆದರೆ ಅದು ಹೊರ ಚರ್ಮವನ್ನಷ್ಟೇ ಮುಟ್ಟುತ್ತದೆ. ಅದರಿಂದ ಬಲವನ್ನು ಊಹಿಸಿದರೆ ಶೇಕಡಾ 25ರಷ್ಟು ಆಚೀಚೆ ಆಗಬಹುದೆಂದು ಭಾರತೀಯ ಮಾನಕ ಐಎಸ್ 13311ರ ಎರಡನೆಯ ಭಾಗವೇ ಹೇಳಿತ್ತು. ಹಳೆಯ ಕಾಂಕ್ರೀಟಿನ ಮೇಲ್ಮೈ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಗಟ್ಟಿಯಾಗಿರುವುದರಿಂದ ಅಂಕಿ ಹುಸಿಯಾಗಿ ಏರುವುದೂ ಉಂಟು. ಎಲ್ಲಿ ಹೆಚ್ಚು ಹುಡುಕಬೇಕು ಎಂದು ತೋರಿಸುವ ಕೈಕಂಬವಾಗಿ ಮಾತ್ರ ಇದನ್ನು ಬಳಸಿ.

ಅಲ್ಟ್ರಾಸಾನಿಕ್ ವೇಗ ಪರೀಕ್ಷೆ ಒಂದು ಹೆಜ್ಜೆ ಒಳಗೆ ಹೋಗುತ್ತದೆ. ಒಂದು ಬದಿಯಿಂದ ಕಳಿಸಿದ ಅಲೆ ಇನ್ನೊಂದು ಬದಿಗೆ ತಲುಪುವ ವೇಗವನ್ನು ಅಳೆಯುತ್ತಾರೆ. 1992ರ ಐಎಸ್ 13311ರ ಕೋಷ್ಟಕದಲ್ಲಿ ಸೆಕೆಂಡಿಗೆ 4.5 ಕಿಲೋಮೀಟರಿಗಿಂತ ಹೆಚ್ಚಿದ್ದರೆ ಅತ್ಯುತ್ತಮ, 3ಕ್ಕಿಂತ ಕಡಿಮೆಯಿದ್ದರೆ ಅನುಮಾನ ಎಂದಿತ್ತು. ಈಗ ಆ ಪರೀಕ್ಷೆಗಳು ಐಎಸ್ 516ರ ಐದನೆಯ ಭಾಗಕ್ಕೆ ಸೇರಿವೆ, ನಿಮ್ಮ ಆಡಿಟರ್ ಯಾವುದನ್ನು ಆಧರಿಸಿದ್ದಾರೆ ಎಂದು ಕೇಳಿ. ಒಳಗಿನ ಟೊಳ್ಳು, ಜೇನುಗೂಡಿನಂಥ ತೂತುಗಳು ಇದರಿಂದ ಸಿಗುತ್ತವೆ. ತೊಲೆಯ ಎರಡೂ ಬದಿ ಮುಟ್ಟಲು ಸಿಗಬೇಕು, ಪ್ಲಾಸ್ಟರ್ ಕೆತ್ತಬೇಕು ಎಂಬುದು ಅಡಚಣೆ.

ಕಡಲ ಗಾಳಿಯ ಊರಿನಲ್ಲಿ ನನಗೆ ಇವೆರಡಕ್ಕಿಂತ ಮುಖ್ಯ ಎನಿಸುವುದು ಹಾಫ್ ಸೆಲ್ ಪರೀಕ್ಷೆ, ಅಂದರೆ ಒಳಗಿನ ಕಂಬಿಯ ವಿದ್ಯುತ್ ವಿಭವದ ಅಳತೆ. ಇಲ್ಲಿನ ಕಟ್ಟಡಗಳನ್ನು ಕೊಲ್ಲುತ್ತಿರುವುದು ಕಾಂಕ್ರೀಟಿನ ಬಲಹೀನತೆಗಿಂತ ಹೆಚ್ಚಾಗಿ ಒಳಗಿನ ಕಂಬಿಯ ತುಕ್ಕು. ತಾಮ್ರದ ಸಲ್ಫೇಟ್ ಎಲೆಕ್ಟ್ರೋಡಿಗೆ ಹೋಲಿಸಿ ಅಳತೆ ಮೈನಸ್ 350 ಮಿಲಿವೋಲ್ಟಿಗಿಂತ ಕೆಳಗಿಳಿದರೆ ತುಕ್ಕು ನಡೆಯುತ್ತಿರುವ ಸಾಧ್ಯತೆ ಶೇಕಡಾ 90ಕ್ಕೂ ಹೆಚ್ಚು, ಮೈನಸ್ 200ಕ್ಕಿಂತ ಮೇಲಿದ್ದರೆ ಅಷ್ಟೇ ಖಚಿತವಾಗಿ ತುಕ್ಕಿಲ್ಲ, ನಡುವಿನದು ಅನಿಶ್ಚಿತ. ಎಷ್ಟು ವೇಗವಾಗಿ ತುಕ್ಕು ಹಿಡಿಯುತ್ತಿದೆ ಎಂಬುದನ್ನು ಮಾತ್ರ ಇದು ಹೇಳದು. ಒದ್ದೆ ಕಾಂಕ್ರೀಟಿನಲ್ಲಿ ಅಂಕಿ ಬದಲಾಗುವುದರಿಂದ ಜುಲೈಯಲ್ಲಿ ತೆಗೆದ ಅಳತೆಯನ್ನು ಏಪ್ರಿಲಿನದರ ಜೊತೆ ಹೋಲಿಸಬೇಡಿ.

ಕೋರ್ ತೆಗೆಸುವುದಕ್ಕೆ, ಅಂದರೆ ಕಾಂಕ್ರೀಟಿನ ಉರುಳೆಯಾಕಾರದ ತುಂಡು ಕೊರೆದು ಬಲ ಪರೀಕ್ಷಿಸುವುದಕ್ಕೆ, ಜನ ಹೆದರುತ್ತಾರೆ, ಕಟ್ಟಡಕ್ಕೆ ತೂತು ಕೊರೆದಂತೆ ಎಂದು. ಆದರೆ ಬಲದ ಪ್ರಶ್ನೆಗೆ ನೇರ ಉತ್ತರ ಕೊಡುವುದು ಅದೊಂದೇ. ಐಎಸ್ 456ರ ಪ್ರಕಾರ ಕೋರುಗಳ ಸರಾಸರಿ ಬೇಕಾದ ಬಲದ ಶೇಕಡಾ 85ಕ್ಕೆ ಕಡಿಮೆ ಇರಬಾರದು, ಯಾವ ಒಂದೂ 75ಕ್ಕಿಂತ ಕೆಳಗಿಳಿಯಬಾರದು. ತೆಗೆದ ಕೋರಿನ ಮೇಲೆ ಫೀನಾಲ್ಫ್ತಲೀನ್ ಹಾಕಿದರೆ ಆರೋಗ್ಯವಾದ ಭಾಗ ಗುಲಾಬಿಯಾಗುತ್ತದೆ, ಕಾರ್ಬೊನೇಷನ್ ತಗಲಿದ, ಅಂದರೆ ಇಂಗಾಲದ ಡೈಆಕ್ಸೈಡ್ ಹೀರಿದ ಭಾಗ ಬಣ್ಣ ತಿರುಗದೆ ಉಳಿಯುತ್ತದೆ. ಕಮಿಟಿಯವರು ಇದನ್ನು ಕಣ್ಣಾರೆ ನೋಡಬೇಕು ಎಂದು ನಾನು ಪ್ರತಿಸಲ ಕರೆಯುತ್ತೇನೆ.

ಮುಲುಂಡಿನ ಕಾರ್ಯದರ್ಶಿಯವರ ಪ್ರಶ್ನೆ ಕಟ್ಟಡ ಯಾವ ಸ್ಥಿತಿಯಲ್ಲಿದೆ, ಯಾವ ವರ್ಗಕ್ಕೆ ಸೇರುತ್ತದೆ ಎಂಬುದು. ಅದಕ್ಕೆ ಈ ನಾಲ್ಕು ಪರೀಕ್ಷೆಗಳು ಸರಿಯಾಗಿ ಆದರೆ ಸಾಕು. ಆ ಬಿರುಕು ಬೆಳೆಯುತ್ತಿದೆಯೇ ಎಂಬ ಅವರ ಎರಡನೆಯ ಚಿಂತೆಗೆ, ಬಿರುಕಿನ ಮೇಲೆ ಕೂರಿಸುವ ಪಾರದರ್ಶಕ ಅಳತೆಪಟ್ಟಿ ಇದೆ. ಒಂದು ಫಲಕದಲ್ಲಿ ಗೆರೆ, ಇನ್ನೊಂದರಲ್ಲಿ ಚೌಕುಳಿ. ಬಿರುಕು ಸರಿದರೆ ಗೆರೆ ಸರಿಯುತ್ತದೆ. ವಾರಕ್ಕೊಮ್ಮೆ ಒಂದೇ ಹೊತ್ತಿಗೆ ಓದಿ ಪುಸ್ತಕದಲ್ಲಿ ಬರೆದಿಟ್ಟರಾಯಿತು. ಹೊತ್ತು ಒಂದೇ ಇರಲಿ ಎಂದದ್ದು ಏಕೆಂದರೆ ಬಿಸಿಲಿಗೆ ಕಾಂಕ್ರೀಟ್ ಹಿಗ್ಗಿ ಬಿರುಕಿನ ಅಗಲ ದಿನದೊಳಗೇ ಬದಲಾಗುತ್ತದೆ. ಸೊಸೈಟಿಯ ಬಜೆಟ್ಟಿನಲ್ಲಿ ಇದರ ಖರ್ಚು ಲೆಕ್ಕಕ್ಕೇ ಬಾರದು. ಮಿಲಿಮೀಟರಿಗಿಂತ ತುಸು ಕಡಿಮೆ ಸರಿದದ್ದನ್ನು ಸಹ ಅಭ್ಯಾಸವಿದ್ದರೆ ಗುರುತಿಸಬಹುದು. ಅಕೌಸ್ಟಿಕ್ ಎಮಿಷನ್ ಅದಕ್ಕಿಂತ ಬಹಳ ಸೂಕ್ಷ್ಮ, ನಿಜ. ಆ ಸೂಕ್ಷ್ಮತೆ ಈ ನಿರ್ಧಾರಕ್ಕೆ ಬೇಕಿಲ್ಲ.

ಭಾರ ಹಾಕಿ ಆಲಿಸುವುದು

ಸೊಸೈಟಿಗಳಿಗೂ ಈ ವಿಧಾನ ನಿಜವಾಗಿ ನೆರವಾಗುವ ಸಂದರ್ಭವೊಂದಿದೆ. ಎರಡು ಆಡಿಟ್ ವರದಿಗಳು ಒಂದಕ್ಕೊಂದು ವಿರುದ್ಧ ಹೇಳಿದಾಗ, ಅಥವಾ ನಕ್ಷೆಗಳೇ ಕಳೆದುಹೋಗಿ ಒಳಗೆ ಎಷ್ಟು ಕಂಬಿ ಇದೆ ಎಂದು ಯಾರಿಗೂ ಗೊತ್ತಿಲ್ಲದಾಗ, ಚಪ್ಪಡಿಯ ಮೇಲೆ ಭಾರ ಹಾಕಿ ನೋಡುವ ಪರೀಕ್ಷೆ ಉಳಿಯುತ್ತದೆ. ಐಎಸ್ 456ರಂತೆ ಸ್ವಂತ ಭಾರದ ಜೊತೆಗೆ ಬಳಕೆಯ ಭಾರದ 1.25 ಪಟ್ಟನ್ನು 24 ಗಂಟೆ ಇಡಬೇಕು. ಇಳಿಸಿದ ಮೇಲಿನ 24 ಗಂಟೆಯೊಳಗೆ ಬಾಗಿದ್ದರಲ್ಲಿ ಕನಿಷ್ಠ ಮುಕ್ಕಾಲು ಪಾಲು ನೇರವಾಗಬೇಕು. ಆಗದಿದ್ದರೆ 72 ಗಂಟೆಗಳ ನಂತರ ಇನ್ನೊಮ್ಮೆ, ಆಗ ಶೇಕಡಾ 80ರಷ್ಟು ಮರಳಬೇಕು.

ಈ ಪರೀಕ್ಷೆಯ ಕೊರತೆ ಎಂದರೆ ಉತ್ತರ ಪಾಸ್ ಅಥವಾ ಫೇಲ್ ಎಂದಷ್ಟೇ ಬರುವುದು. ಚಪ್ಪಡಿ ಸಲೀಸಾಗಿ ಪಾಸಾಯಿತೋ, ಏದುಸಿರು ಬಿಡುತ್ತ ಪಾಸಾಯಿತೋ ತಿಳಿಯದು. ಪರೀಕ್ಷೆಯೇ ಹಾನಿಯನ್ನು ಹೆಚ್ಚಿಸಿತೇ ಎಂಬುದೂ ತಿಳಿಯದು. ಸಂವೇದಕಗಳನ್ನು ಜೊತೆಗಿಟ್ಟರೆ ಈ ಎರಡೂ ತಿಳಿಯುತ್ತವೆ. ಭಾರವನ್ನು ಒಮ್ಮೆಲೆ ಹಾಕದೆ ಹಂತಹಂತವಾಗಿ ಏರಿಸಿ, ಇಳಿಸಿ, ಮತ್ತೆ ಏರಿಸುತ್ತಾರೆ. ಎರಡನೆಯ ಸಲ ಹಿಂದಿನ ಗರಿಷ್ಠದ ಯಾವ ಪಾಲಿನಲ್ಲಿ ಸದ್ದು ಶುರುವಾಯಿತು ಎಂಬುದು ಒಂದು ಅನುಪಾತ. ಭಾರ ಇಳಿಸುವಾಗ ಎಷ್ಟು ಸದ್ದು ಬಂತು ಎಂಬುದು ಇನ್ನೊಂದು. ಗಟ್ಟಿಯಾದ ತೊಲೆ ಭಾರ ಇಳಿಯುವಾಗ ತೆಪ್ಪಗಿರುತ್ತದೆ. ಹಾನಿಯಾದ ತೊಲೆಯಲ್ಲಿ ಬಿರುಕಿನ ಎರಡು ಮುಖಗಳು ಉಜ್ಜಿಕೊಂಡು ಇಳಿಯುವಾಗಲೂ ಸದ್ದಾಗುತ್ತದೆ. ಜಪಾನಿನ ಎನ್‌ಡಿಐಎಸ್ 2421 ಎಂಬ 2000ದ ಸಂಹಿತೆ ಈ ಎರಡು ಅನುಪಾತಗಳನ್ನು ಒಂದೇ ಚಿತ್ರದಲ್ಲಿಟ್ಟು ಹಾನಿಯನ್ನು ಅಲ್ಪ, ಮಧ್ಯಮ, ಭಾರಿ ಎಂದು ವಿಂಗಡಿಸುತ್ತದೆ. ಕಟ್ಟಡ ಸಾಮಗ್ರಿಗಳ ಅಂತರರಾಷ್ಟ್ರೀಯ ಸಂಸ್ಥೆ ರಿಲೆಮ್‌ನ 2010ರ ಶಿಫಾರಸುಗಳೂ ಇದೇ ದಾರಿಯವು. ವಿಂಗಡಣೆಯ ಗಡಿಗೆರೆ ಮಾತ್ರ ಎಲ್ಲ ಕಟ್ಟಡಕ್ಕೂ ಒಂದೇ ಅಲ್ಲ. ಪುಸ್ತಕದ ಗೆರೆಯನ್ನು ನೇರವಾಗಿ ನಿಮ್ಮ ಚಪ್ಪಡಿಗೆ ಅಂಟಿಸುವವರನ್ನು ನಂಬಬೇಡಿ.

ಗದ್ದಲದ ಮಾತು ಇಲ್ಲಿ ಬರಲೇಬೇಕು. ಹಳಿಗೆ ಹತ್ತಿರವಿದ್ದ ಒಂದು ಕಟ್ಟಡದ ತಾರಸಿಯಲ್ಲಿ ನಾವು ಎಂಟು ಸಂವೇದಕ ಹಾಕಿ ಮರಳಿನ ಚೀಲ ಪೇರಿಸುತ್ತಿದ್ದೆವು. ಸಂಜೆಯ ಹೊತ್ತು, ಎರಡು ಮೂರು ನಿಮಿಷಕ್ಕೊಂದು ಲೋಕಲ್. ಪರದೆಯ ಮೇಲೆ ಸಂಕೇತಗಳ ಸುರಿಮಳೆ. ರೈಲಿನದನ್ನು ಬೇರ್ಪಡಿಸಿದ ಮೇಲೂ ಉಳಿದದ್ದು ಚೀಲಗಳೇ ಒಂದರ ಮೇಲೊಂದು ಜಾರುವ ಉಜ್ಜಾಟದ ಸದ್ದು ಎಂದು ಆಮೇಲೆ ಗೊತ್ತಾಯಿತು. ಆ ದಿನದ ದಾಖಲೆಯನ್ನು ಕೈಬಿಡಬೇಕಾಯಿತು. ಮುಂದಿನ ಸಲ ಭಾರಕ್ಕೆ ಚೀಲದ ಬದಲು ನೀರಿನ ತೊಟ್ಟಿ ಕಟ್ಟಿದೆವು. ನೀರು ತುಂಬುವಾಗ ದಾಖಲೆ ನಿಲ್ಲಿಸಿ, ಪ್ರತಿ ಹಂತದಲ್ಲೂ ನೀರು ನಿಂತ ಮೇಲೆ ಆಲಿಸಿದೆವು. ಹೀಗೆ ಮಾಡಿದರೆ ಏರಿಕೆಯ ನಡುವಿನ ಒಂದಿಷ್ಟು ಮಾಹಿತಿ ಕೈತಪ್ಪುತ್ತದೆ, ಆದರೆ ಉಳಿದದ್ದು ನಂಬುವಂತಿರುತ್ತದೆ. ಮುಖ್ಯ ಹಂತಗಳನ್ನು ಕೊನೆಯ ಲೋಕಲ್ ಹೋಗಿ ಮೊದಲ ಲೋಕಲ್ ಬರುವುದರೊಳಗೆ ಮುಗಿಸಿದೆವು. ಚಪ್ಪಡಿಯ ಕೆಳಗೆ ಅಪಾಯ ತಡೆಯಲು ಇಡುವ ಆಸರೆಗಳನ್ನು ತುಸು ಅಂತರ ಬಿಟ್ಟು ನಿಲ್ಲಿಸಬೇಕು. ತಾಗಿದರೆ ಅವೂ ಸದ್ದು ಮಾಡುತ್ತವೆ. ಮಳೆಯಲ್ಲಿ ತಾರಸಿಯ ಮೇಲೆ ಈ ಪರೀಕ್ಷೆ ಮಾಡಲೇಬೇಡಿ. ಒಂದೊಂದು ಹನಿಯೂ ಒಂದೊಂದು ಸಂಕೇತ.

ಹಾಗಾಗಿ ಖರ್ಚನ್ನು ತೂಗುವಾಗ ಉಪಕರಣದ ಬಾಡಿಗೆಯನ್ನಷ್ಟೇ ನೋಡಿದರೆ ಸಾಲದು. ರಾತ್ರಿಯ ಕೂಲಿ, ಮೇಲಿನ ಮತ್ತು ಕೆಳಗಿನ ಮನೆಗಳನ್ನು ಖಾಲಿ ಮಾಡಿಸುವುದು, ತೊಟ್ಟಿ, ಎರಡನೆಯ ಸುತ್ತು, ಆಮೇಲೆ ವಾರಗಟ್ಟಲೆ ವಿಶ್ಲೇಷಣೆ. ಸಾಮಾನ್ಯ ಆಡಿಟ್ಟಿನ ಒಂದೊಂದು ಬಿಂದುವಿನ ಲೆಕ್ಕ ನೂರು, ಸಾವಿರಗಳಲ್ಲಿದ್ದರೆ ಇದು ಲಕ್ಷದ ಬಾಬತ್ತು. ಮನೆಗಳನ್ನು ಕೆಡವುವುದೋ ಉಳಿಸುವುದೋ ಎಂಬ ವಿವಾದ ನ್ಯಾಯಾಲಯದ ಮೆಟ್ಟಿಲೇರುವ ಹಂತದಲ್ಲಿದ್ದರೆ ಆ ಖರ್ಚಿಗೆ ಅರ್ಥವಿದೆ.

ಸೇತುವೆಗೆ ಹಗಲಿರುಳು ಕಿವಿ

ಗೋವಾದ ಎಂಜಿನಿಯರರ ಪ್ರಶ್ನೆ ಬೇರೆಯದು, ಅಲ್ಲಿ ನನ್ನ ಒಲವೂ ಬೇರೆ. ಪಣಜಿಯ ಹಳೆಯ ಮಾಂಡೋವಿ ಸೇತುವೆ 1986ರ ಜುಲೈ 5ರಂದು ಕುಸಿದದ್ದನ್ನು ಆ ಕಡೆಯವರು ಮರೆತಿಲ್ಲ. ಕಟ್ಟಿ ಎರಡು ದಶಕವೂ ತುಂಬಿರಲಿಲ್ಲ. ಅದು ಪ್ರಿಸ್ಟ್ರೆಸ್ಡ್ ಕಾಂಕ್ರೀಟ್ ಸೇತುವೆ, ಅಂದರೆ ಒಳಗೆ ಉಕ್ಕಿನ ತಂತಿಗಳನ್ನು ಬಿಗಿದು ಕಾಂಕ್ರೀಟನ್ನು ಒತ್ತಿಹಿಡಿದದ್ದು. ಆ ಬಿಗಿದ ತಂತಿಗಳಿಗೆ ತುಕ್ಕು ಹಿಡಿದಿತ್ತು. ಇಂಥ ಸೇತುವೆಯ ಅಪಾಯವೇ ಅದು: ಸಾಮಾನ್ಯ ಕಂಬಿಗೆ ತುಕ್ಕು ಹಿಡಿದರೆ ಅದು ಉಬ್ಬಿ ಹೊರ ಪದರವನ್ನು ಒಡೆದು ತನ್ನ ಸುಳಿವು ತಾನೇ ಕೊಡುತ್ತದೆ. ಕೊಳವೆಯೊಳಗಿನ ಬಿಗಿದ ತಂತಿಗಳು ಹೊರಗೆ ಏನೂ ತೋರಿಸದೆ ಒಂದೊಂದಾಗಿ ತುಂಡಾಗುತ್ತವೆ. ಸುತ್ತಿಗೆ, ಅಲ್ಟ್ರಾಸಾನಿಕ್, ಕೋರ್ ಯಾವುದೂ ಅದನ್ನು ಹೇಳಲಾರವು.

ತಂತಿ ತುಂಡಾಗುವುದು ದೊಡ್ಡ ಸದ್ದು. ಸೂಕ್ಷ್ಮ ಬಿರುಕಿನ ಸದ್ದು ಕಾಂಕ್ರೀಟಿನಲ್ಲಿ ಒಂದೆರಡು ಮೀಟರಿನಲ್ಲೇ ಕರಗಿಹೋದರೆ, ಇದು ಬಹಳ ದೂರ ಕೇಳಿಸುತ್ತದೆ. ವಾಹನಗಳ ಗದ್ದಲದ ನಡುವೆಯೂ ಎದ್ದು ಕಾಣುತ್ತದೆ. ಲಂಡನ್ನಿನ ಹ್ಯಾಮರ್‌ಸ್ಮಿತ್ ಫ್ಲೈಓವರಿನಲ್ಲಿ ಇಂಥ ಸಂವೇದಕಗಳನ್ನು ಕೂರಿಸಿ ತಂತಿಗಳ ಮುರಿತವನ್ನು ಗಮನಿಸುತ್ತಿದ್ದರು. ಒಳಗಿನ ತುಕ್ಕು ಎಷ್ಟೆಂದು ತಿಳಿದು 2011ರ ಡಿಸೆಂಬರಿನಲ್ಲಿ ಅದನ್ನು ಮುಚ್ಚಿ ಬಲಪಡಿಸಿದರು. ಕುಸಿಯುವ ಮೊದಲೇ ಮುಚ್ಚಿದರು ಎಂಬುದನ್ನು ಗಮನಿಸಿ. ಮಾಂಡೋವಿಗೆ ಆ ಅವಕಾಶ ಸಿಗಲಿಲ್ಲ.

ಆದರೂ ಆ ಎಂಜಿನಿಯರರಿಗೆ ಅದೊಂದೇ ಸಾಲದು ಎಂದೆ. ಸಂವೇದಕ ಲೆಕ್ಕ ಶುರು ಮಾಡುವುದು ಅದನ್ನು ಕೂರಿಸಿದ ದಿನದಿಂದ. ಅದಕ್ಕೆ ಮೊದಲೇ ತುಂಡಾದ ತಂತಿಗಳ ಸಂಖ್ಯೆ ಅದಕ್ಕೆ ಗೊತ್ತಿಲ್ಲ. ಆದ್ದರಿಂದ ಕೆಲವು ಕಡೆ ಕಾಂಕ್ರೀಟನ್ನು ಎಚ್ಚರದಿಂದ ತೆರೆದು ಕೊಳವೆಯೊಳಗೆ ಕಣ್ಣಿಂದ ನೋಡಿ ಇಂದಿನ ಸ್ಥಿತಿಯನ್ನು ಬರೆದಿಟ್ಟುಕೊಳ್ಳಬೇಕು, ಆಮೇಲೆ ಸಂವೇದಕ. ಇದಕ್ಕೆ ಪೈಪೋಟಿಯಾಗಿ ಬರುವುದು ಆಪ್ಟಿಕಲ್ ಫೈಬರ್. ಅದು ಹಿಗ್ಗು, ಕುಗ್ಗು, ತಾಪವನ್ನು ಅಳೆಯುತ್ತದೆ, ಉಪ್ಪು ಗಾಳಿಗೆ ಹೆಚ್ಚು ಬಾಳುತ್ತದೆ, ವಿದ್ಯುತ್ತಿನ ಗದ್ದಲ ಅದಕ್ಕೆ ತಾಗದು. ಆದರೆ ಹತ್ತಾರು ತಂತಿಗಳ ನಡುವೆ ಒಂದು ತುಂಡಾದರೆ ತೊಲೆಯ ಒಟ್ಟು ಹಿಗ್ಗಿನಲ್ಲಿ ಆಗುವ ವ್ಯತ್ಯಾಸ ಅತ್ಯಲ್ಪ, ಅದು ಬಿಸಿಲಿನ ಏರಿಳಿತದಲ್ಲಿ ಮುಚ್ಚಿಹೋಗುತ್ತದೆ. ಹೊಸ ಸೇತುವೆ ಕಟ್ಟುತ್ತಿದ್ದರೆ ಫೈಬರನ್ನು ಒಳಗೇ ಹಾಕಿ. ಹಳೆಯ ಪ್ರಿಸ್ಟ್ರೆಸ್ಡ್ ಸೇತುವೆಯ ತಂತಿಗಳ ಮೇಲೆ ಅನುಮಾನವಿದ್ದರೆ ಅಕೌಸ್ಟಿಕ್ ಎಮಿಷನ್ ಆರಿಸಿ. ಬಜೆಟ್ ಪೂರ್ತಿ ಸೇತುವೆಗೆ ಸಾಲದಿದ್ದರೆ ಎಲ್ಲ ಅಂಕಣಗಳಿಗೂ (ಎರಡು ಕಂಬಗಳ ನಡುವಿನ ಭಾಗಗಳಿಗೂ) ತೆಳ್ಳಗೆ ಹಂಚದೆ, ನೀರು ಸೋರುವ ಕೀಲುಗಳ ಬಳಿಯ ಅಂಕಣಗಳಿಗೆ ಒತ್ತಾಗಿ ಹಾಕಿ. ಕಡಲ ತೀರದಲ್ಲಿ ಕೇಬಲ್ಲಿನ ಜೋಡಣೆಗಳು ಸಂವೇದಕಕ್ಕಿಂತ ಮೊದಲು ಕೆಡುತ್ತವೆ, ಅವುಗಳ ನಿರ್ವಹಣೆಗೆ ವರ್ಷವರ್ಷವೂ ಹಣ ಎತ್ತಿಡಬೇಕು.

ಸಾಮಾನ್ಯ ಕಾಂಕ್ರೀಟಿನ ಜೆಟ್ಟಿಗೆ ಇದನ್ನೇ ಹಾಕಿ ಕಂಬಿಯ ತುಕ್ಕನ್ನು ಆಲಿಸಬಹುದೇ ಎಂದೂ ಅವರು ಕೇಳಿದರು. ಪ್ರಯೋಗಾಲಯದಲ್ಲಿ ತುಕ್ಕು ಶುರುವಾಗುವ ಹಂತ, ತುಕ್ಕು ಉಬ್ಬಿ ಕಾಂಕ್ರೀಟನ್ನು ಸೀಳುವ ಹಂತ, ಎರಡನ್ನೂ ಪ್ರತ್ಯೇಕವಾಗಿ ಕೇಳಿದ್ದಾರೆ. ಅಲೆ ಬಡಿಯುವ, ದೋಣಿ ಉಜ್ಜುವ ಜೆಟ್ಟಿಯಲ್ಲಿ ಆ ಕ್ಷೀಣ ಸದ್ದನ್ನು ಹೆಕ್ಕುವುದು ಕಷ್ಟ. ಅಲ್ಲಿಗೆ ಹಾಫ್ ಸೆಲ್ ಮತ್ತು ಕ್ಲೋರೈಡ್ (ಉಪ್ಪಿನಂಶದ) ಪರೀಕ್ಷೆಯನ್ನೇ ಆರಿಸಲು ಹೇಳಿದೆ.

ಪ್ರಯೋಗಾಲಯದಲ್ಲಿ

ಪುಣೆಯ ವಿದ್ಯಾರ್ಥಿನಿಗೆ ನಾನು ಹಿಂಜರಿಯದೆ ಹೌದು ಎಂದೆ. ನಾರು ಬೆರೆಸಿದ ಕಾಂಕ್ರೀಟಿನ ಸೊಗಸು ಇರುವುದೇ ಬಿರುಕು ಬಿಟ್ಟ ನಂತರದ ವರ್ತನೆಯಲ್ಲಿ. ಮೊದಲು ಕಾಂಕ್ರೀಟ್ ಎಳೆತಕ್ಕೆ ಸೀಳುತ್ತದೆ, ಆಮೇಲೆ ನಾರುಗಳು ಉಜ್ಜುತ್ತ ಕಿತ್ತುಬರುತ್ತವೆ. ಎರಡರ ಸದ್ದಿನ ಆಕಾರ ಬೇರೆ. ಎಳೆತದ ಸೀಳು ಚುಟುಕು, ತಟ್ಟನೆ ಏರುತ್ತದೆ, ಆವರ್ತನ ಹೆಚ್ಚು; ಜಾರುವ ಸದ್ದು ನಿಧಾನವಾಗಿ ಏರಿ ಉದ್ದಕ್ಕೆ ಎಳೆಯುತ್ತದೆ. ಏರುವ ಸಮಯವನ್ನು ಅಲೆಯ ಎತ್ತರದಿಂದ ಭಾಗಿಸಿದ ಅಂಕಿಯನ್ನೂ ಸರಾಸರಿ ಆವರ್ತನವನ್ನೂ ಎದುರುಬದುರಿಟ್ಟು ಬಿರುಕಿನ ಜಾತಿ ಹೇಳುವ ಪದ್ಧತಿ 2003ರ ಜಪಾನಿ ಸಂಹಿತೆಯಲ್ಲಿ ಬಂದು ಈಗ ಎಲ್ಲೆಡೆ ಬಳಕೆಯಲ್ಲಿದೆ.

ಅವಳಿಗಿದ್ದ ಇನ್ನೊಂದು ಆಯ್ಕೆ ಕ್ಯಾಮೆರಾದ ವಿಧಾನ: ಮಾದರಿಯ ಮೇಲೆ ಚುಕ್ಕಿ ಸಿಂಪಡಿಸಿ, ಚಿತ್ರಗಳನ್ನು ಹೋಲಿಸಿ ಮೇಲ್ಮೈಯ ಸರಿತವನ್ನು ಅಳೆಯುವುದು. ಅದರ ಚಿತ್ರ ಚೆಂದ, ಪರೀಕ್ಷಕರಿಗೂ ತಕ್ಷಣ ಅರ್ಥವಾಗುತ್ತದೆ, ಬಿರುಕಿನ ಅಗಲ ನೇರವಾಗಿ ಸಿಗುತ್ತದೆ. ಒಳಗೆ ನಾರು ಕಿತ್ತದ್ದು ಮಾತ್ರ ಅದಕ್ಕೆ ಕಾಣದು. ವಿಭಾಗದಲ್ಲಿ ಎರಡೂ ಇದ್ದರೆ ಎರಡನ್ನೂ ಬಳಸು, ಒಂದೇ ಎಂದರೆ ನಿನ್ನ ಪ್ರಶ್ನೆಗೆ ಆಲಿಸುವುದೇ ಸರಿ ಎಂದೆ. ಹದಿನಾರು ಚಾನೆಲ್ಲುಗಳ ಆಸೆ ಬೇಡ. ತೊಲೆಯ ಸಣ್ಣ ಮಾದರಿಗೆ ನಾಲ್ಕರಿಂದ ಆರು ಸಂವೇದಕ ಸಾಕು, ಆದರೆ ಪೂರ್ತಿ ಅಲೆರೂಪ ದಾಖಲಾಗಲಿ. ಬರೀ ಅಂಕಿ ಉಳಿದರೆ ನಾಳೆ ಅನುಮಾನ ಬಂದಾಗ ಮರಳಿ ನೋಡಲು ಏನೂ ಇರದು. ಆಸರೆಯ ಉರುಳೆಗಳ ಕೆಳಗೆ ಟೆಫ್ಲಾನ್ ಅಥವಾ ರಬ್ಬರಿನ ತುಂಡು ಹಾಕಿ ಉಜ್ಜಾಟ ತಗ್ಗಿಸಬೇಕು. ಯಂತ್ರವನ್ನು ಖಾಲಿ ಓಡಿಸಿ ಅದರ ಗದ್ದಲ ಎಷ್ಟೆಂದು ನೋಡಿ, ಅದಕ್ಕಿಂತ ಮೇಲೆ ದಾಖಲೆಯ ಹೊಸ್ತಿಲನ್ನು ಇಡಬೇಕು. ಸಾಮಾನ್ಯವಾಗಿ 40 ಡೆಸಿಬೆಲ್ ಆಸುಪಾಸು.

ಭೂಕಂಪಶಾಸ್ತ್ರದಿಂದ ಬಂದ ಬಿ-ಮೌಲ್ಯವನ್ನೂ ನೋಡು ಎಂದೆ. 1967ರ ಡಿಸೆಂಬರಿನಲ್ಲಿ ನಡುಗಿದ ಕೊಯ್ನಾ ಪುಣೆಗೆ ದೂರವಿಲ್ಲ. ಅಂಥ ಕಡೆ ಸಣ್ಣ ಕಂಪನಗಳಿಗೆ ಹೋಲಿಸಿದರೆ ದೊಡ್ಡವು ಎಷ್ಟು ಎಂದು ಎಣಿಸುವ ಸೂತ್ರವೇ ಇಲ್ಲಿಯೂ ನಡೆಯುತ್ತದೆ. ಅಂಗೈಯಗಲದ ಕಾಂಕ್ರೀಟಿನಲ್ಲಿ ದೊಡ್ಡ ಸದ್ದುಗಳ ಪಾಲು ಹೆಚ್ಚಾಗಿ ಬಿ-ಮೌಲ್ಯ ಇಳಿಯತೊಡಗಿದರೆ ಚದುರಿದ್ದ ಸೂಕ್ಷ್ಮ ಬಿರುಕುಗಳು ಕೂಡಿ ಒಂದಾಗುತ್ತಿವೆ ಎಂದರ್ಥ.

ಬೇರೆ ವಸ್ತುಗಳು

ಉಕ್ಕಿನ ಸೇತುವೆಗಳಲ್ಲಿ ಅಲೆ ದೂರ ಹೋಗುವುದರಿಂದ ಸಂವೇದಕ ಕಡಿಮೆ ಸಾಕು, ಆದರೆ ರಿವೆಟ್ಟು, ಬೋಲ್ಟುಗಳ ಉಜ್ಜಾಟ ಜೋರು; ದಣಿವಿನ ಬಿರುಕು ಎಲ್ಲಿ ಬರಬಹುದು ಎಂದು ಮೊದಲೇ ತಿಳಿದ ಜಾಗಕ್ಕೆ ಹಾಕಿದರೆ ಫಲ. ಕರಿಕಲ್ಲು ಮತ್ತು ಸುಣ್ಣದ ಗಾರೆಯ ಹಳೆಯ ಗೋಡೆಗಳಲ್ಲಿ ಸದ್ದು ಸಂದುಸಂದಿಗೂ ಕರಗುತ್ತದೆ, ಅಲ್ಲಿ ವಾಲಿಕೆಯ ಮಾಪಕ ಮತ್ತು ಬಿರುಕಿನ ಪಟ್ಟಿ ಹೆಚ್ಚು ಕೆಲಸಕ್ಕೆ ಬರುತ್ತವೆ. ಗಿರ್ಗಾಂವಿನಂಥ ಕಡೆಯ ಹಳೆಯ ಚಾಳುಗಳ ಮರದ ತೊಲೆಗಳಲ್ಲಿ ಗೆದ್ದಲು ತಿನ್ನುವ ಸದ್ದನ್ನೂ ಈ ವಿಧಾನದಿಂದ ಹಿಡಿಯಬಹುದು, ಆದರೆ ಬಾಚಿಯ ಮೊನೆಯಿಂದ ಚುಚ್ಚಿ ನೋಡುವ ಅನುಭವಿ ಬಡಗಿ ಅದಕ್ಕಿಂತ ಬೇಗ ಹೇಳುತ್ತಾನೆ.

ದುಡ್ಡು ಕೊಡುವ ಮೊದಲು

2019ರ ಮಾರ್ಚಿನಲ್ಲಿ ಮುಂಬೈಯ ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ರೈಲು ನಿಲ್ದಾಣದ ಬಳಿಯ ಪಾದಚಾರಿ ಸೇತುವೆ ಕುಸಿದಾಗ, ಅದಕ್ಕೆ ಆಡಿಟ್ ಆಗಿತ್ತು ಎಂಬ ಸುದ್ದಿ ಓದಿ ಮುಂಬೈಯ ಜನ ವರದಿಗಳನ್ನೇ ನಂಬದಾದರು. ಆ ಭಯದಲ್ಲಿ ಕೆಲವರು ಹೆಚ್ಚು ಬೆಲೆಯ ಪರೀಕ್ಷೆ ಎಂದರೆ ಹೆಚ್ಚು ಸತ್ಯ ಎಂದುಕೊಳ್ಳುತ್ತಾರೆ. ಬೆಲೆಗಿಂತ ಮುಖ್ಯವಾದ ಎರಡು ಪ್ರಶ್ನೆಗಳನ್ನು ನೀವೇ ಕೇಳಬಹುದು, ಎಂಜಿನಿಯರ್ ಆಗಿರಬೇಕಿಲ್ಲ.

ಮೊದಲನೆಯದು: ಈ ಪರೀಕ್ಷೆಯ ಫಲ ಹೀಗೆ ಬಂದರೆ ಏನು ಮಾಡುತ್ತೀರಿ, ಹಾಗೆ ಬಂದರೆ ಏನು ಮಾಡುತ್ತೀರಿ? ಎರಡಕ್ಕೂ ಒಂದೇ ಉತ್ತರ ಬಂದರೆ ಆ ಪರೀಕ್ಷೆ ನಿಮಗೆ ಬೇಡ. ಮುಲುಂಡಿನಲ್ಲಿ ಕಾಂಟ್ರಾಕ್ಟರ್ ಎರಡಕ್ಕೂ ತೊಲೆಗೆ ಜಾಕೆಟಿಂಗ್, ಅಂದರೆ ಸುತ್ತ ಹೊಸ ಕವಚ, ಮಾಡುತ್ತೇವೆ ಎಂದರಂತೆ. ಕಾರ್ಯದರ್ಶಿಯವರು ಆ ಹಣವನ್ನು ಹಾಫ್ ಸೆಲ್ ಮತ್ತು ಇನ್ನೂ ಮೂರು ಕೋರುಗಳಿಗೆ ತಿರುಗಿಸಿದರು.

ಎರಡನೆಯದು: ಪೆನ್ಸಿಲ್ ಪರೀಕ್ಷೆಯ ದಾಖಲೆ ತೋರಿಸಿ. ಇದು ಅಂತರರಾಷ್ಟ್ರೀಯ ಪದ್ಧತಿ. ಮೆಕಾನಿಕಲ್ ಪೆನ್ಸಿಲ್ಲಿನ 0.5 ಮಿಲಿಮೀಟರ್ ದಪ್ಪದ 2ಎಚ್ ಕಡ್ಡಿಯನ್ನು 3 ಮಿಲಿಮೀಟರ್ ಹೊರಗೆಳೆದು, ಕಾಂಕ್ರೀಟಿಗೆ ಒರಗಿಸಿ ಮುರಿಯುತ್ತಾರೆ. ಮುರಿದ ಸದ್ದು ಬಿರುಕಿನ ಸದ್ದನ್ನು ಹೋಲುತ್ತದೆ. ಪ್ರತಿ ಸಂವೇದಕದ ಪಕ್ಕದಲ್ಲೂ, ಎರಡು ಸಂವೇದಕಗಳ ನಡುವಿನ ಬಿಂದುವಿನಲ್ಲೂ ಇದನ್ನು ಮಾಡಿ ಕೇಳಿಸಿತೇ ಎಂದು ಬರೆದಿಡಬೇಕು. ಕೆಲಸ ಮುಗಿದ ಮೇಲೆ ಇನ್ನೊಮ್ಮೆ ಮಾಡಿ ನಡುವೆ ಯಾವುದೂ ಸಡಿಲವಾಗಿಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು. ಮಧ್ಯದಲ್ಲಿ ಮುರಿದದ್ದು ಕೇಳಿಸದಿದ್ದರೆ ಸಂವೇದಕಗಳು ದೂರವಾದವು ಎಂದರ್ಥ, ಆಗ ಸದ್ದಿಲ್ಲ ಎಂಬ ವರದಿಗೆ ಬೆಲೆಯಿಲ್ಲ. ಗೋವಾದ ಎಂಜಿನಿಯರ್ ಈ ದಾಖಲೆಯನ್ನು ಟೆಂಡರಿನ ಷರತ್ತಿನಲ್ಲೇ ಸೇರಿಸಿದ್ದಾರೆ. ಪುಣೆಯ ಹುಡುಗಿ ಕಳೆದ ವಾರ ಫೋನ್ ಮಾಡಿ, ಮೊದಲ ದಿನ ಆರು ಸಂವೇದಕಗಳಲ್ಲಿ ಒಂದಕ್ಕೆ ಕಡ್ಡಿ ಮುರಿದದ್ದು ಕೇಳಿಸಲಿಲ್ಲ, ಬಿಚ್ಚಿ ನೋಡಿದರೆ ಗ್ರೀಸಿನ ನಡುವೆ ಗಾಳಿ ಉಳಿದಿತ್ತು ಎಂದಳು. ಒರೆಸಿ, ಹೊಸದಾಗಿ ಹಚ್ಚಿ, ಮತ್ತೆ ಕಡ್ಡಿ ಮುರಿದು, ಆಮೇಲೆಯೇ ಮೊದಲ ತೊಲೆಗೆ ಭಾರ ಹಾಕಿದಳಂತೆ.